ಪದಚರ್ಚೆ: ಮಣ್ಣಿನ ಕೀಟನಾಶಕ ‘ಅರಗುತ್ತದೆ’ ಅನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ರೈತರಿಗಾಗಿ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಣ್ಣಲ್ಲಿ ಉಳಿದ ಕೀಟನಾಶಕವನ್ನು ಸೂಕ್ಷ್ಮಾಣುಗಳು ಮುಗಿಸಲು ಅಂಟುವಾಳದ ನೊರೆ ಹೇಗೆ ನೆರವಾಗುತ್ತದೆ ಎಂಬುದು ವಿಷಯ. ಆ ನೊರೆ ಬರಿಸುವ ವಸ್ತುವೇ ಸಪೋನಿನ್. ‘ಸಪೋನಿನ್ ಜೈವಿಕ ವಿಘಟನೆಯನ್ನು ಉತ್ತೇಜಿಸುತ್ತದೆ’ ಎಂದು ಬರೆದು ಅತ್ತೆಗೆ ಓದಿ ಹೇಳಿದೆ. “ಅಂದ್ರೆ ಎಂತದು?” ಅಂದರು.

ನೊರೆಯ ಕೆಲಸಕ್ಕೆ ಪದ ಸಿಕ್ಕಿದೆ. ಎಂಡೋಸಲ್ಫಾನ್‌ನಂಥ ಕೀಟನಾಶಕಗಳು ನೀರಿಗೆ ಒಗ್ಗುವುದಿಲ್ಲ. ಹಲಸಿನ ಮೇಣ ಕೈಗೆ ಹಿಡಿದ ಹಾಗೆ ಮಣ್ಣಿನ ಕಣಕ್ಕೆ ಹಿಡಿಯುತ್ತವೆ. ಸಪೋನಿನ್ ಅಣುವಿನ ಒಂದು ತುದಿ ಜಿಡ್ಡಿಗೆ ಅಂಟುತ್ತದೆ, ಇನ್ನೊಂದು ನೀರಿಗೆ. ಹಾಗಾಗಿ ವಿಷ ಕಣದಿಂದ ಎದ್ದು ನೀರಿಗೆ ಬಂದು ಸೂಕ್ಷ್ಮಾಣುವಿಗೆ ಸಿಗುತ್ತದೆ. ಬಟ್ಟೆಯ ಕಲೆ ಬಿಡಿಸುತ್ತೇವಲ್ಲ, ಅದೇ ‘ಬಿಡಿಸು’ ಸಾಕು. ‘ಜೈವಿಕ ಲಭ್ಯತೆಯ ಹೆಚ್ಚಳ’ ನನಗಂತೂ ಬೇಡ.

ತೊಡಕಿರುವುದು ಸೂಕ್ಷ್ಮಾಣುವಿನ ಕೆಲಸಕ್ಕೆ. ‘ಅರಗಿಸು’ ಅಂದುಕೊಂಡೆ. ಆದರೆ ನಮ್ಮ ದಕ್ಷಿಣ ಕನ್ನಡದಲ್ಲಿ ಅಡಿಕೆಗೆ ಬಿಡುವುದೂ ಮದ್ದು, ಜ್ವರಕ್ಕೆ ಕುಡಿಯುವುದೂ ಮದ್ದು. ‘ಮದ್ದು ಅರಗಿತು’ ಅಂದರೆ ಮೈಗೆ ಸೇರಿತು ಎಂದೇ ಕೇಳಿಸುತ್ತದೆ. ಉತ್ತರ ಕರ್ನಾಟಕದವರು ಬೆಳೆಗೆ ‘ಎಣ್ಣಿ’ ಹೊಡೆಯುತ್ತಾರೆ. ‘ಎಣ್ಣಿ ಅರಗಿತು’ ಅಂದರೆ ಅಲ್ಲಿ ನಗುತ್ತಾರೇನೋ.

ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದು. ಎಂಡೋಸಲ್ಫಾನ್ ನೀರಿನೊಡನೆ ಸೇರಿ ಡಯೋಲ್ ಎಂಬ ಬೇರೆ ವಸ್ತು ಆದರೆ ವಿಷ ತುಂಬ ಕಡಿಮೆ. ಆಮ್ಲಜನಕ ಸೇರಿ ಎಂಡೋಸಲ್ಫಾನ್ ಸಲ್ಫೇಟ್ ಎಂಬ ವಸ್ತು ಆದರೆ ಹೆಚ್ಚುಕಡಿಮೆ ಅಷ್ಟೇ ವಿಷ, ಮಣ್ಣಲ್ಲಿ ಇನ್ನೂ ಹೆಚ್ಚು ಕಾಲ ನಿಲ್ಲುತ್ತದೆ. ಪುಸ್ತಕದ ಕನ್ನಡದಲ್ಲಿ ಎರಡೂ ‘ವಿಘಟನೆ’ಯೇ! ಕಾಸರಗೋಡಿನ ಪಡ್ರೆಯ ಕಡೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನೇ ಸುರಿದರು. ದೇಶದಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಆ ಊರಿನವರ ಮುಂದೆ ಸಲ್ಫೇಟ್ ಆದದ್ದನ್ನೂ ‘ವಿಘಟನೆ ಆಯಿತು’ ಎಂದು ಓದಲು ನನಗೆ ಬಾಯಿ ಬರುವುದಿಲ್ಲ.

ಸದ್ಯಕ್ಕೆ ಡಯೋಲ್ ಆದದ್ದಕ್ಕೆ ‘ನಂಜು ಮುರಿಯಿತು’, ಸಲ್ಫೇಟ್ ಆದದ್ದಕ್ಕೆ ‘ರೂಪ ಬದಲಾಯಿತು, ನಂಜು ಉಳಿಯಿತು’ ಎಂದು ಬರೆದಿದ್ದೇನೆ. ‘ಮುರಿ’ಯಲ್ಲಿ ಒಡೆಯುವುದೂ ಇದೆ, ವಿಷ ಇಳಿಯುವುದೂ ಇದೆ. ಆದರೆ ‘ನಂಜು ಮುರಿ’ಯನ್ನು ನಾನು ಕೇಳಿರುವುದು ಮೈಗೆ ಏರಿದ ವಿಷಕ್ಕೆ ಮಾತ್ರ. ನಿಮ್ಮ ಕಡೆ ಮಣ್ಣಿಗೋ ನೀರಿಗೋ ಹೀಗೆ ಹೇಳುವುದುಂಟೇ? ಬೇರೆ ಮಾತಿದ್ದರೆ ಊರಿನ ಹೆಸರಿನೊಂದಿಗೆ ತಿಳಿಸಿ.