ಪಿಸಿಒಎಸ್: 82 ಕೆಜಿಯಿಂದ 78ಕ್ಕೆ ಬಂದಿದ್ದೇನೆ, 60 ಆಗುವ ತನಕ ಕಾಯಬೇಕಾ?

ಅಬ್ಬಲಿಗೆ, ಸುರತ್ಕಲ್

ಎಲ್ಲರಿಗೂ ನಮಸ್ಕಾರ. ಬರೆಯುವುದಾ ಬೇಡವಾ ಅಂತ ತುಂಬಾ ದಿನ ಯೋಚನೆ ಮಾಡಿ ಇವತ್ತು ಬರೆಯುತ್ತಿದ್ದೇನೆ.

ನನಗೆ 29. ಎತ್ತರ 157 ಸೆಂ.ಮೀ. ಮದುವೆಯಾಗಿ ಎರಡೂವರೆ ವರ್ಷ. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇರುವುದು ಡಿಗ್ರಿ ಓದುವಾಗಲೇ ಗೊತ್ತಾಗಿತ್ತು. ಆಗ ಮುಟ್ಟು ಎರಡು ತಿಂಗಳಿಗೊಮ್ಮೆ. ಮಾತ್ರೆ ಕೊಟ್ಟರು, ತೆಗೆದುಕೊಂಡಷ್ಟು ದಿನ ಸರಿಯಾಗಿ ಬಂತು, ಬಿಟ್ಟ ಮೇಲೆ ಮತ್ತೆ ಹಾಗೇ. ಇದು ಏನು, ಯಾಕೆ ಅಂತ ಯಾರೂ ಕೂರಿಸಿ ಹೇಳಲಿಲ್ಲ, ಅಮ್ಮನೂ ನಾನೂ ಕೇಳಲಿಲ್ಲ.

ಮಗುವಿಗಾಗಿ ನೋಡಲು ಶುರು ಮಾಡಿ ಒಂದೂವರೆ ವರ್ಷ ಆಯ್ತು. ಕಳೆದ ಜೂನ್‌ನಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದೆವು. ಹೊರಗೆ ಎರಡು ಗಂಟೆ ಕಾದೆವು, ಒಳಗೆ ಐದು ನಿಮಿಷ. ಸ್ಕ್ಯಾನ್ ರಿಪೋರ್ಟ್ ನೋಡಿದರು, ನನ್ನನ್ನು ನೋಡಿದರು, "60 ಕೆಜಿಗೆ ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಎಂದರು. ಆಗ ನಾನು 82 ಇದ್ದೆ. 22 ಕೆಜಿ ಹೇಗೆ ಇಳಿಸಬೇಕು, ಏನು ತಿನ್ನಬೇಕು, ಎಷ್ಟು ಸಮಯ ಬೇಕು, ಒಂದೂ ಹೇಳಲಿಲ್ಲ. ಪಾರ್ಕಿಂಗ್ ತನಕ ಹೇಗೋ ತಡೆದುಕೊಂಡೆ. ಕಾರಿನ ಬಾಗಿಲು ಹಾಕಿದ ಮೇಲೆ ಅಳು ನಿಲ್ಲಲಿಲ್ಲ.

ಅವತ್ತಿನಿಂದ ಚಾಕ್ಕೂ ಸಕ್ಕರೆ ಇಲ್ಲ. ಬನ್ಸ್, ಗೋಳಿಬಜೆ, ಬೇಕರಿ ಎಲ್ಲ ಬಂದ್. ರಾತ್ರಿ ಊಟವನ್ನೇ ಬಿಟ್ಟೆ. ಮಳೆಗಾಲದಲ್ಲಿ ಟೆರೇಸಿನ ಶೀಟಿನಡಿ, ಬಟ್ಟೆ ಹಾಕಿದ ಹಗ್ಗಗಳ ಕೆಳಗೆ ತಲೆ ತಗ್ಗಿಸಿಕೊಂಡು ಆ ಗೋಡೆಯಿಂದ ಈ ಗೋಡೆಗೆ ದಿನಕ್ಕೆ 40 ನಿಮಿಷ ನಡೆದೆ. ಮಳೆ ಬಿಟ್ಟ ಮೇಲೆ ಬೀಚಿನಲ್ಲಿ. ಐದು ತಿಂಗಳಲ್ಲಿ ಇಳಿದದ್ದು ಬರೀ 4 ಕೆಜಿ. ಒಂದು ತಿಂಗಳಿಂದ ತೂಕದ ಮುಳ್ಳು 78 ಬಿಟ್ಟು ಅಲ್ಲಾಡುತ್ತಿಲ್ಲ.

ಮುಟ್ಟಿನ ದಿನಕ್ಕೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಚುಕ್ಕೆ ಇಡುತ್ತೇನೆ. ಈ ವರ್ಷದ್ದು ಹೀಗಿದೆ: ಜನವರಿ 9, ಮಾರ್ಚ್ 14, ಮೇ 22, ಜುಲೈ 16, ಸೆಪ್ಟೆಂಬರ್ 1, ಅಕ್ಟೋಬರ್ 9, ನವೆಂಬರ್ 14. ಇದು ಬೇಕಾಗುತ್ತದೋ ಇಲ್ಲವೋ ಗೊತ್ತಿಲ್ಲ, ಇರಲಿ ಅಂತ ಹಾಕಿದೆ.

ಅತ್ತೆ ಕುಡುಪು ದೇವಸ್ಥಾನದಲ್ಲಿ ನಾಗನಿಗೆ ಆಶ್ಲೇಷ ಬಲಿ ಪೂಜೆ ಕೊಡಿಸೋಣ ಎಂದರು, ಕೊಡಿಸಿದೆವು. ಅದರಲ್ಲಿ ನನಗೆ ಬೇಸರ ಇಲ್ಲ, ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಮೊನ್ನೆ ಮದುವೆ ಹಾಲಿನಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ದೊಡ್ಡಮ್ಮ ಒಬ್ಬರು "ಇನ್ನೂ ವಿಶೇಷ ಎಂಥದೂ ಇಲ್ವಾ?" ಎಂದು ಕೇಳಿದರು. ಹಿಂದೆ ಮುಂದೆ ಇದ್ದವರೆಲ್ಲ ತಿರುಗಿ ನೋಡಿದರು. ಊಟ ಗಂಟಲಲ್ಲಿ ಇಳಿಯಲಿಲ್ಲ.

ಈಗಿನ ಲೆಕ್ಕದಲ್ಲಿ 60 ಆಗಲು ಇನ್ನೂ ಎರಡು ವರ್ಷ ಬೇಕು. ಅಲ್ಲಿಯವರೆಗೆ ಸುಮ್ನೆ ಕಾಯಬೇಕಾ? ಇನ್ನೊಂದು ಕಡೆ ಫೋನ್ ಮಾಡಿದರೆ ಅವರು ನೇರ ಐವಿಎಫ್ (ಪ್ರನಾಳ ಶಿಶು) ಪ್ಯಾಕೇಜ್ ಹೇಳಿದರು. ಏನು ಮಾಡಲಿ?

ಕಡಲತೆರೆ, ಬಿಜೈ

ಅನ್ನ ಪೂರ್ತಿ ಬಿಟ್ಟು ನೋಡಿ. ನಾನು ಕೀಟೋ ಮಾಡಿ ಮೂರು ತಿಂಗಳಲ್ಲಿ 11 ಕೆಜಿ ಇಳಿಸಿದೆ. ಮದುವೆ ಸೀಸನ್‌ನಲ್ಲಿ ಬಿಟ್ಟೆ, 7 ಕೆಜಿ ವಾಪಸ್ ಬಂತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಇಳಿಯುವುದು ಮಾತ್ರ ನಿಜ.

ಇರುವಂತಿಗೆ, ಮಣಿಪಾಲ

ಅಬ್ಬಲಿಗೆ, ನಾನು ಸ್ಟಾಫ್ ನರ್ಸ್, ಹೆರಿಗೆ ವಿಭಾಗದಲ್ಲಿ 11 ವರ್ಷ ಆಯ್ತು. ನಿಮ್ಮ ಪ್ರಶ್ನೆಗಿಂತ ಮೊದಲು ಆ ಚುಕ್ಕೆಗಳ ವಿಷಯ ಹೇಳುತ್ತೇನೆ. ಅವುಗಳ ನಡುವೆ ಎಷ್ಟು ದಿನ ಅಂತ ಎಣಿಸಿದ್ದೀರಾ? ನಾನು ಎಣಿಸಿದೆ. 64, 69, 55, 47, 38, 36.

ಇನ್ನೊಮ್ಮೆ ಓದಿ. ವರ್ಷದ ಶುರುವಿನಲ್ಲಿ ಎರಡು ತಿಂಗಳಿಗೂ ಮೇಲೆ ಹೋಗುತ್ತಿದ್ದದ್ದು ಈಗ ಐದು ವಾರಕ್ಕೆ ಬಂದಿದೆ. ನೀವು "ಬರೀ 4 ಕೆಜಿ" ಅಂತ ಬರೆದಿದ್ದೀರಿ ಅಲ್ವಾ, 82ರಲ್ಲಿ 5% ಅಂದರೆ ಹೆಚ್ಚುಕಡಿಮೆ ಅಷ್ಟೇ. ಪಿಸಿಒಎಸ್ ಇದ್ದು ತೂಕ ಜಾಸ್ತಿ ಇರುವವರಿಗೆ 5ರಿಂದ 10% ಇಳಿದರೂ ಮುಟ್ಟು ಸರಿಹೋಗಲು, ಅಂಡ ಬಿಡುಗಡೆ ಆಗಲು ಶುರುವಾಗುವುದು ತುಂಬಾ ಜನರಲ್ಲಿ ಕಂಡಿದೆ. ನಿಮಗೂ ಅದೇ ಆಗುತ್ತಿರುವ ಹಾಗಿದೆ. ನಿಮಗಿದನ್ನು ಯಾರೂ ಹೇಳದೇ ಇದ್ದದ್ದು ನನಗೆ ನಿಜವಾಗಿ ಬೇಸರ ತಂದಿತು.

ಯಾಕೆ ಹೀಗೆ ಅಂತ ನೇರವಾಗಿ ಹೇಳುತ್ತೇನೆ. ಪಿಸಿಒಎಸ್ ಇರುವ ತುಂಬಾ ಮಂದಿಗೆ ದೇಹ ಶುಗರ್ ಇಳಿಸುವ ಇನ್ಸುಲಿನ್ ಹಾರ್ಮೋನಿನ ಮಾತು ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ಅದು ಜಾಸ್ತಿ ಜಾಸ್ತಿ ತಯಾರಾಗುತ್ತದೆ. ಆ ಜಾಸ್ತಿ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಏರಿಸುತ್ತದೆ. ಅಂಡ ಅರ್ಧ ಬೆಳೆದು ಅಲ್ಲೇ ನಿಂತುಬಿಡುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವ "ನೀರುಗುಳ್ಳೆ"ಗಳು ಅವೇ, ಅರ್ಧಕ್ಕೆ ನಿಂತ ಅಂಡದ ಕೋಶಗಳು. ಗಡ್ಡೆ ಅಲ್ಲ, ಆಪರೇಷನ್ ಮಾಡಿ ತೆಗೆಯುವಂಥದ್ದೂ ಅಲ್ಲ. ತೂಕ ಸ್ವಲ್ಪ ಇಳಿದಾಗ ಇನ್ಸುಲಿನ್ ಇಳಿಯುತ್ತದೆ, ಹಾಗಾಗಿ ಮುಟ್ಟಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಇನ್ನು ನಿಮ್ಮ ಪ್ರಶ್ನೆ. 60 ಆಗುವ ತನಕ ಕಾಯಬೇಕಾಗಿಲ್ಲ. ತೂಕ ಇಳಿಸಿ ಎನ್ನುವುದು ಒಳ್ಳೆಯ ಸಲಹೆಯೇ, ಬಸುರಿಯಾದ ಮೇಲೆ ಶುಗರ್, ಬಿಪಿ ಬರುವ ಅಪಾಯ ಅದರಿಂದ ಕಡಿಮೆ. ಆದರೆ ಪರೀಕ್ಷೆ ಮಾಡಿಸುವುದಕ್ಕೆ ಅದನ್ನು ಬಾಗಿಲಿಗೆ ಹಾಕಿದ ಬೀಗದ ಹಾಗೆ ಮಾಡಬಾರದು. 35ರ ಒಳಗಿನವರು ಒಂದು ವರ್ಷ ನೋಡಿಯೂ ಆಗದಿದ್ದರೆ ಪರೀಕ್ಷೆ ಶುರು ಮಾಡಬೇಕು, ಮುಟ್ಟು ಏರುಪೇರು ಇದ್ದರೆ ಅಷ್ಟೂ ಕಾಯುವುದು ಬೇಡ. ನಿಮಗೆ ಒಂದೂವರೆ ವರ್ಷ ಆಗಿದೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಪರೀಕ್ಷೆ, ಇಷ್ಟು ಮೊದಲು ಆಗಲಿ. ಅಂಡ ಬಿಡುಗಡೆ ಆಗುತ್ತಿದೆಯಾ ಅಂತ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ನೋಡುತ್ತಾರೆ. ಇದನ್ನು ಎಲ್ಲರಿಗೂ 21ನೇ ದಿನ ಅಂತ ಬರೆದುಕೊಡುವುದುಂಟು, ಆದರೆ ಅದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು ನೋಡಬೇಕು, ನಿಮಗೆ ಹತ್ತಿರ ಹತ್ತಿರ 29ನೇ ದಿನ ಆಗುತ್ತದೆ. ಡಾಕ್ಟರಿಗೆ ಈ ಕ್ಯಾಲೆಂಡರನ್ನೇ ತೋರಿಸಿ.

ಐವಿಎಫ್ ಮೊದಲ ಮೆಟ್ಟಿಲಲ್ಲ. ಗರ್ಭನಳಿಕೆ ಸರಿಯಿದ್ದು, ಗಂಡನ ರಿಪೋರ್ಟ್ ಸರಿಯಿದ್ದರೆ ಸಾಮಾನ್ಯವಾಗಿ ಮೊದಲು ಕೊಡುವುದು ಅಂಡ ಬೆಳೆಸುವ ಮಾತ್ರೆ. ಮತ್ತೆ, ಫೋಲಿಕ್ ಆಸಿಡ್ ಈಗಿನಿಂದಲೇ ಶುರುವಾಗಬೇಕು, ನಿಮಗೆ ಎಷ್ಟು ಡೋಸ್ ಅಂತ ಡಾಕ್ಟರ್ ಹತ್ತಿರ ಕೇಳಿ. ಮುಂದೆ ಎಂದಾದರೂ ಮೂರು ತಿಂಗಳು ಮುಟ್ಟು ಬಾರದಿದ್ದರೆ ಸುಮ್ನೆ ಕೂರಬೇಡಿ, ಗರ್ಭಕೋಶದ ಒಳಪದರ ದಪ್ಪ ಆಗುತ್ತಾ ಹೋಗುವುದು ಒಳ್ಳೆಯದಲ್ಲ.

ಮಟ್ಟುಗುಳ್ಳ, ಉಡುಪಿ

ಇರುವಂತಿಗೆ ಅಕ್ಕ ಹೇಳಿದ ಆ ಮಾತ್ರೆ ಲೆಟ್ರೊಜೋಲ್. ನಾನು ತೆಗೆದುಕೊಂಡಿದ್ದೆ, ಅದರ ಕಥೆ ಹೇಳುತ್ತೇನೆ.

ಮುಟ್ಟಾದ ಎರಡನೇ ದಿನದಿಂದ ಐದು ದಿನ, ದಿನಕ್ಕೊಂದು. ಮೊದಲ ಸಲ ಮೆಡಿಕಲ್‌ನಿಂದ ತಂದು ಮೊಬೈಲಿನಲ್ಲಿ ಹೆಸರು ಹಾಕಿ ನೋಡಿದರೆ ಸ್ತನ ಕ್ಯಾನ್ಸರಿನ ಮಾತ್ರೆ ಅಂತ ಬಂತು. ಕೈಕಾಲು ತಣ್ಣಗಾಯಿತು. ರಾತ್ರಿ ಇಡೀ ನಿದ್ದೆ ಇಲ್ಲ, ಆ ದಿನದ ಮಾತ್ರೆಯನ್ನೂ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಫೋನ್ ಮಾಡಿದಾಗ ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದರು. ಅದು ಮೂಲದಲ್ಲಿ ಆ ಕಾಯಿಲೆಗೆ ಬಂದ ಮಾತ್ರೆ ಹೌದು, ಆದರೆ ಈಸ್ಟ್ರೊಜನ್ ಹಾರ್ಮೋನನ್ನು ಸ್ವಲ್ಪ ದಿನ ಇಳಿಸಿದರೆ ಮೆದುಳು ಅಂಡಾಶಯಕ್ಕೆ ಜೋರಾಗಿ ಕೆಲಸ ಹೇಳುತ್ತದೆ, ಅಂಡ ಬೆಳೆಯುತ್ತದೆ. 2011ರಲ್ಲಿ ನಮ್ಮ ದೇಶದಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ಕೊಡಬಾರದು ಅಂತ ನಿಷೇಧ ಇತ್ತು, 2017ರಲ್ಲಿ ಅದನ್ನು ತೆಗೆದರು. 2014ರಲ್ಲಿ ಅಮೆರಿಕದಲ್ಲಿ ಪಿಸಿಒಎಸ್ ಇರುವ 750 ಹೆಂಗಸರನ್ನು ನೋಡಿದಾಗ, ಹಳೆಯ ಕ್ಲೋಮಿಫೀನ್ ಮಾತ್ರೆಯಲ್ಲಿ 100ಕ್ಕೆ 19 ಮಂದಿಗೆ ಮಗುವಾದರೆ, ಇದರಲ್ಲಿ 27 ಮಂದಿಗೆ ಆಗಿತ್ತು. ನೀವೂ ಮೊಬೈಲ್ ನೋಡಿ ಹೆದರುವುದು ಬೇಡ ಅಂತಲೇ ಇಷ್ಟು ಬರೆದೆ.

ಮಾತ್ರೆ ಮುಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್. "12 ಮಿಲಿಮೀಟರ್, 15, 18" ಅಂತ ಅಂಡದ ಕೋಶದ ಅಳತೆ ಹೇಳುತ್ತಾರೆ. ಮೊದಲ ತಿಂಗಳು 12ರಲ್ಲೇ ನಿಂತಿತು. ಎರಡನೇ ತಿಂಗಳು ಡೋಸ್ ಏರಿಸಿದರು, ಬೆಳೆಯಿತು, ಆದರೆ ಗರ್ಭ ನಿಲ್ಲಲಿಲ್ಲ. ಮೂರನೇ ತಿಂಗಳು ಆಯಿತು. ಆಗ ನನ್ನ ತೂಕ 74. ಮಗಳಿಗೆ ಈಗ ನಾಲ್ಕು ವರ್ಷ. ಎಲ್ಲರಿಗೂ ಮೂರೇ ತಿಂಗಳಲ್ಲಿ ಆಗುತ್ತದೆ ಅಂತ ಹೇಳುತ್ತಿಲ್ಲ, ನನ್ನ ಜೊತೆಗೇ ಶುರು ಮಾಡಿದ ಗೆಳತಿಗೆ ಮಾತ್ರೆಯಲ್ಲಿ ಆಗಲಿಲ್ಲ, ಇಂಜೆಕ್ಷನ್ ಬೇಕಾಯಿತು.

ಊಟದ ಬಗ್ಗೆ: ರಾತ್ರಿ ಊಟ ಬಿಡಬೇಡಿ ಮಾರಾಯ್ತಿ. ನಾನೂ ಬಿಟ್ಟಿದ್ದೆ. ಹನ್ನೊಂದು ಗಂಟೆಗೆ ಹಸಿವು ತಡೆಯದೆ ಡಬ್ಬ ಹುಡುಕಿ ಚಕ್ಕುಲಿ ತಿನ್ನುತ್ತಿದ್ದೆ. ಕಡಲತೆರೆ ಹೇಳಿದ ಹಾಗೆ ಅನ್ನ ಪೂರ್ತಿ ಬಿಟ್ಟು ನಮ್ಮ ಊರಲ್ಲಿ ಎಷ್ಟು ದಿನ ಇರಲು ಆಗುತ್ತದೆ? ನಾನು ಬೆಳ್ತಿಗೆ (ಬಿಳಿ ಅಕ್ಕಿ) ಬಿಟ್ಟು ಕುಚ್ಚಲಕ್ಕಿಗೆ ಬಂದೆ, ಅದು ಶುಗರನ್ನು ಸ್ವಲ್ಪ ನಿಧಾನ ಏರಿಸುತ್ತದೆ. ಆದರೂ ಅಳತೆ ಮುಖ್ಯ, ಒಂದು ಸಣ್ಣ ಬಟ್ಟಲು ಅನ್ನ, ಅದಕ್ಕಿಂತ ಜಾಸ್ತಿ ಪಲ್ಯ. ಹರಿವೆ, ಅಲಸಂಡೆ, ಬಸಳೆ, ಯಾವುದಾದರೂ. ಬೂತಾಯಿ, ಬಂಗುಡೆ ಮೀನು ದಿನಾ ತಿನ್ನಿ, ಆದರೆ ರವೆ ಹಾಕಿ ಎಣ್ಣೆಯಲ್ಲಿ ಕರಿಯುವುದು ಬೇಡ, ಹುಳಿಖಾರದ ಪುಳಿಮುಂಚಿ ಮಾಡಿ. ಮಳೆಗಾಲದಲ್ಲಿ ಮೀನು ದುಬಾರಿ, ಆಗ ಹುರುಳಿ, ಹೆಸರು ಬೇಯಿಸಿಕೊಳ್ಳಿ. ಮೊಟ್ಟೆಯೂ ಆಗುತ್ತದೆ. ಊಟವಾದ ತಕ್ಷಣ ಹತ್ತು ಹದಿನೈದು ನಿಮಿಷ ಅಂಗಳದಲ್ಲೇ ನಡೆಯಿರಿ. ಮುಳ್ಳು ನಿಂತಿದೆ ಅಂದಿರಿ ಅಲ್ವಾ, ನನಗೂ 76ರಲ್ಲಿ ನಿಂತಿತ್ತು. ನಡಿಗೆಯ ಜೊತೆ ವಾರಕ್ಕೆ ಮೂರು ದಿನ ಎರಡು ಲೀಟರಿನ ನೀರಿನ ಬಾಟಲಿ ಎರಡು ಹಿಡಿದು ಬೈಠಕ್ ಮಾಡಲು ಶುರು ಮಾಡಿದ ಮೇಲೆ ಮತ್ತೆ ಇಳಿಯಿತು.

ಕುಂದಾಪ್ರದವ

ನಾನು ಗಂಡಸು, ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ಅಬ್ಬಲಿಗೆಯವರೇ, ನಿಮ್ಮ ಬರಹದಲ್ಲಿ ಗಂಡನ ಪರೀಕ್ಷೆ ಆಗಿದೆ ಅಂತ ಎಲ್ಲೂ ಇಲ್ಲ.

ನನ್ನ ಹೆಂಡತಿಗೂ ಪಿಸಿಒಎಸ್. ಹಾಗಾಗಿ ತೊಂದರೆ ಅವಳದ್ದೇ ಅಂತ ನಮ್ಮ ಮನೆಯವರೂ ತೀರ್ಮಾನ ಮಾಡಿದ್ದರು, ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಎರಡು ವರ್ಷ ಅವಳೊಬ್ಬಳೇ ಮಾತ್ರೆ ನುಂಗಿದಳು, ಸ್ಕ್ಯಾನ್‌ಗೆ ಓಡಾಡಿದಳು, ಎಲ್ಲರ ಮಾತು ಕೇಳಿದಳು. ಕೊನೆಗೆ ಹೊಸ ಡಾಕ್ಟರ್ ನನ್ನ ಮುಖ ನೋಡಿ "ನಿಮ್ಮ ರಿಪೋರ್ಟ್ ಎಲ್ಲಿ?" ಎಂದು ಕೇಳಿದರು. ಮಾಡಿಸಿದರೆ ನನ್ನ ವೀರ್ಯಾಣು ಕೌಂಟ್ ಕಡಿಮೆ ಇತ್ತು. ಆ ಎರಡು ವರ್ಷವನ್ನು ಅವಳಿಗೆ ವಾಪಸ್ ಕೊಡಲು ನನ್ನಿಂದ ಆಗುವುದಿಲ್ಲ. ಅದು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ದೊಡ್ಡ ಪರೀಕ್ಷೆ ಏನಲ್ಲ. ಎರಡರಿಂದ ಏಳು ದಿನ ಸೇರದೆ ಇದ್ದು ಸ್ಯಾಂಪಲ್ ಕೊಡಬೇಕು, ಅಷ್ಟೇ. ಏನಾದರೂ ಕಡಿಮೆ ಬಂದರೆ ಸರಿಯಾಗಲು ಮೂರು ತಿಂಗಳಾದರೂ ಬೇಕು, ಯಾಕೆಂದರೆ ಹೊಸದು ತಯಾರಾಗಲು ಅಷ್ಟು ಸಮಯ ಹಿಡಿಯುತ್ತದೆ. ಆದ್ದರಿಂದ ಬೇಗ ಮಾಡಿಸಿ. ಅವರಿಗೆ ಸಂಕೋಚ ಇದ್ದರೆ ನನ್ನ ಈ ಮಾತನ್ನು ಓದಲು ಕೊಡಿ.

ತುಂಬೆಹೂ, ಕಾರ್ಕಳ

ಒಂದೇ ಮಾತು. ನನ್ನ ತೂಕ 49, ನನಗೂ ಪಿಸಿಒಎಸ್ ಇದೆ. ದಪ್ಪ ಇರುವುದರಿಂದಲೇ ನಿಮಗೆ ಇದು ಬಂತು ಅಂತ ಯಾರಾದರೂ ಹೇಳಿದರೆ ಅದನ್ನು ಮನಸ್ಸಿಗೆ ತೆಗೆದುಕೊಳ್ಳಬೇಡಿ. ನಿಮ್ಮ ತಪ್ಪಲ್ಲ ಇದು.

ಅಬ್ಬಲಿಗೆ, ಸುರತ್ಕಲ್

ಎಲ್ಲರದ್ದನ್ನೂ ಎರಡೆರಡು ಸಲ ಓದಿದೆ. ಇರುವಂತಿಗೆ ಅಕ್ಕ, ನಿಮ್ಮ ಲೆಕ್ಕ ನೋಡಿ ನಾನೇ ಅಡುಗೆಮನೆಗೆ ಹೋಗಿ ಕ್ಯಾಲೆಂಡರ್ ಕೆಳಗಿಳಿಸಿ ಬೆರಳಿಟ್ಟು ಎಣಿಸಿದೆ. 36 ಸರಿಯಾಗಿಯೇ ಇದೆ. ಐದು ತಿಂಗಳು ದಿನಾ ಅದರ ಎದುರಿಗೇ ಚಾ ಮಾಡಿದ್ದೇನೆ, ನನಗೆ ಕಾಣಲೇ ಇಲ್ಲ. ಇವರನ್ನು ಕರೆದು ತೋರಿಸಿದೆ.

ಕುಂದಾಪುರದ ಅಣ್ಣ, ನೀವು ಬರೆದದ್ದನ್ನು ಇವರಿಗೆ ಓದಲು ಕೊಟ್ಟೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಶನಿವಾರ ನನಗೆ ರಜೆ ಉಂಟು, ಇಬ್ಬರದ್ದೂ ಒಟ್ಟಿಗೆ ಮಾಡಿಸುವ" ಎಂದರು. ಅತ್ತೆಗೆ ಅವರೇ ಹೇಳುತ್ತಾರಂತೆ.

ಡಾಕ್ಟರ್ ಬದಲಾಯಿಸುತ್ತಿದ್ದೇನೆ, ಮುಂದಿನ ಬುಧವಾರಕ್ಕೆ ಟೋಕನ್ ಸಿಕ್ಕಿದೆ. ಅಕ್ಕ, ಆ ಗ್ಲೂಕೋಸ್ ಪರೀಕ್ಷೆಗೆ ಹಿಂದಿನ ರಾತ್ರಿ ಊಟ ಮಾಡಬಹುದಾ? ರಿಪೋರ್ಟ್ ಚೆನ್ನಾಗಿ ಬರಲಿ ಅಂತ ಈಗಿನಿಂದಲೇ ಅನ್ನ ಬಿಡಬೇಕಾ?

ಇರುವಂತಿಗೆ, ಮಣಿಪಾಲ

ಬಿಡಲೇಬೇಡಿ. ಮೂರು ದಿನ ಮೊದಲಿಂದ ಅನ್ನ ಎಲ್ಲ ಎಂದಿನ ಹಾಗೆ ಊಟ ಮಾಡಿ. ಅನ್ನ ಬಿಟ್ಟು ಹೋದರೆ ರಿಪೋರ್ಟ್ ತಪ್ಪು ಬರಬಹುದು. ಹಿಂದಿನ ರಾತ್ರಿ ಊಟ ಮಾಡಿ, ಆಮೇಲೆ ಎಂಟು ಗಂಟೆಯಾದರೂ ನೀರು ಬಿಟ್ಟು ಬೇರೇನೂ ಬೇಡ, ಬೆಳಿಗ್ಗೆ ಚಾ ಕೂಡ ಬೇಡ. ಗ್ಲೂಕೋಸ್ ನೀರು ಐದು ನಿಮಿಷದೊಳಗೆ ಕುಡಿದು ಮುಗಿಸಿ, ವಾಕರಿಕೆ ಬಂದ ಹಾಗಾದರೆ ಲ್ಯಾಬಿನವರಿಗೆ ಹೇಳಿ. ಮತ್ತೆ ಎರಡು ಗಂಟೆ ಅಲ್ಲೇ ಕೂತಿರಬೇಕು, ನಡೆದಾಡಬಾರದು, ಅಷ್ಟು ಹೊತ್ತು ನಿಮ್ಮವರೂ ಜೊತೆಗಿರಲಿ. ಮುಗಿದ ಮೇಲೆ ಹಸಿವಾಗುತ್ತದೆ, ಮನೆಯಿಂದ ತಿಂಡಿ ಕಟ್ಟಿಕೊಂಡು ಹೋಗಿ.