ತಿಂಗಳಿಗೊಮ್ಮೆ ಕಾಡಿಗೆ: ಸ್ಕೌಟ್ಸ್ ಬಗ್ಗೆ ಕೇಳಿದ್ದವರಿಗೆ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಿಂದ ಬರೆಯುತ್ತಿದ್ದೇನೆ. ಡಿಸೆಂಬರ್ ರಜೆಗೆ ಅವ್ವನ ಮನೆಗೆ ಬಂದು ಎರಡು ವಾರವಾಯಿತು. ಮಧ್ಯಾಹ್ನ ಊಟ ಮಾಡಿ ಎಲ್ಲರೂ ಮಲಗಿದ್ದಾರೆ, ನನಗೆ ಪುರುಸೊತ್ತು ಸಿಕ್ಕಿದೆ.

ಹೋದ ವಾರ ಅಮೆರಿಕದ ನಮ್ಮ ಕನ್ನಡದವರ ಗುಂಪಿನಲ್ಲಿ ಒಬ್ಬರು ಕೇಳಿದ್ದರು, "ಮಗನಿಗೆ ಹನ್ನೊಂದು ತುಂಬಿತು, ಸ್ಕೌಟ್ಸ್ ಸೇರ್ತೀನಿ ಅಂತಾನೆ. ಪ್ರತಿ ತಿಂಗಳೂ ಕ್ಯಾಂಪಿಂಗ್ ಅಂತೆ. ಕಳಿಸೋದಾ ಬೇಡವಾ?" ಉತ್ತರಗಳು ಸಾಕಷ್ಟು ಬಂದವು. ಅರ್ಧ ಜನ ಕಾಲೇಜ್ ಅಡ್ಮಿಷನ್‌ಗೆ ಒಳ್ಳೆಯದು ಅಂದರು. ಇನ್ನರ್ಧ ಜನ ಕರಡಿ ಇರ್ತವೆ, ಹುಷಾರು ಅಂದರು. ನಮ್ಮ ಹುಡುಗ ಎರಡು ವರ್ಷದಿಂದ ನ್ಯೂಜೆರ್ಸಿಯ ಒಂದು ಟ್ರೂಪ್‌ನಲ್ಲಿ, ಅಂದರೆ ಸ್ಕೌಟ್ ದಳದಲ್ಲಿ ಇದ್ದಾನೆ. ನನಗೆ ಕಂಡದ್ದು ಬೇರೆಯೇ.

ಆ "ಪ್ರತಿ ತಿಂಗಳೂ" ಅನ್ನೋದು ಕೇಳಿ ನೀವು ಹೆದರಿದ್ದೀರಿ ಅಲ್ವಾ? ಇದರಲ್ಲಿ ಕೆಲಸ ಮಾಡೋದೇ ಅದು. ವರ್ಷಕ್ಕೊಮ್ಮೆ ಸಮ್ಮರ್ ಕ್ಯಾಂಪಿಗೆ ಹೋದ ಮಕ್ಕಳು ಖುಷಿಯಾಗಿ ಬರುತ್ತಾರೆ, ಅಷ್ಟೇ. ಎಲ್ಲಿ ಎಡವಿದೆವು ಅನ್ನೋದು ಮುಂದಿನ ಬೇಸಿಗೆ ಹೊತ್ತಿಗೆ ಮರೆತಿರುತ್ತದೆ. ತಿಂಗಳಿಗೊಮ್ಮೆ ಹೋಗುವವನು ಒದ್ದೆ ಸಾಕ್ಸ್ ನೆನಪು ಆರುವ ಮೊದಲೇ ಮತ್ತೆ ಬ್ಯಾಗ್ ತುಂಬಬೇಕು.

ರೊಟ್ಟಿ ಕಥೆ ಹೇಳುತ್ತೇನೆ, ಗೊತ್ತಾಗುತ್ತದೆ.

ಮೊದಲ ಕೆಲವು ಟ್ರಿಪ್ ಸುಲಭದವು. ಡೇರೆ ಪಕ್ಕಕ್ಕೇ ಕಾರು ಹೋಗುತ್ತದೆ, ಬೇಕಾದ್ದೆಲ್ಲ ಒಯ್ಯಬಹುದು. ಬ್ಯಾಕ್‌ಪ್ಯಾಕಿಂಗ್ ಹಾಗಲ್ಲ. ಡೇರೆ, ಹಾಸಿಗೆ, ಒಲೆ, ನೀರು, ಊಟ ಎಲ್ಲ ಬೆನ್ನ ಮೇಲೆ. ಹೊರೆ ಮಗುವಿನ ತೂಕದ ಐದನೇ ಒಂದು ಭಾಗ, ಹೆಚ್ಚೆಂದರೆ ಕಾಲು ಭಾಗ ದಾಟಬಾರದು ಅಂತ ಹೇಳಿಕೊಡುತ್ತಾರೆ. ಊಟ ಟ್ರೂಪ್ ಕೊಡುವುದಿಲ್ಲ. ಟ್ರೂಪಿನೊಳಗೆ ಆರೆಂಟು ಮಕ್ಕಳ ಪುಟ್ಟ ತಂಡ ಇರುತ್ತದೆ, ಪ್ಯಾಟ್ರೋಲ್ ಅಂತಾರೆ, ಅದಕ್ಕೆ ಮಕ್ಕಳೇ ಆರಿಸಿದ ಒಬ್ಬ ಲೀಡರ್. ಏನು ಅಡುಗೆ, ಯಾರು ಸಾಮಾನು ತರೋದು, ಯಾರು ಪಾತ್ರೆ ತೊಳೆಯೋದು, ಎಲ್ಲ ಅವರದೇ ತೀರ್ಮಾನ. ದೊಡ್ಡವರು ಸ್ವಲ್ಪ ದೂರದಲ್ಲಿ ಬೇರೆ ಅಡುಗೆ ಮಾಡಿಕೊಂಡು ಕೂತಿರುತ್ತಾರೆ.

ನಮ್ಮದು ಮಾಂಸ ತಿನ್ನದ ಮನೆ. ಅಕ್ಟೋಬರ್‌ನಲ್ಲಿ ಮೊದಲ ಬ್ಯಾಕ್‌ಪ್ಯಾಕಿಂಗ್, ಡೆಲಾವೇರ್ ವಾಟರ್ ಗ್ಯಾಪ್ ಅನ್ನೋ ಗುಡ್ಡಗಾಡಿನ ಕಡೆ. ಪ್ಯಾಟ್ರೋಲಿನ ಊಟದ ಪಟ್ಟಿಯಲ್ಲಿ ಇವನಿಗೆ ಅಂತ ಇದ್ದದ್ದು ಬರೀ ಪಾಸ್ಟಾ. ನಾನು ಸುಮ್ಮನಿರಲಾರದೆ ಊರಿಂದ ತಂದಿದ್ದ ಸಜ್ಜೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟೆ. ಯೋಚನೆ ಏನೂ ತಪ್ಪಲ್ಲ ನೋಡಿ. ನೀರಿನಂಶ ಇಲ್ಲ, ಭಾರ ಇಲ್ಲ, ಬೇಯಿಸೋದು ಬೇಡ, ತಿಂಗಳಾದರೂ ಕೆಡೋದಿಲ್ಲ. ಅಂಗಡಿಯಲ್ಲಿ ಹನ್ನೆರಡು ಡಾಲರ್ ಕೊಟ್ಟು ತರುವ ಒಣಗಿಸಿದ ಊಟದ ಪೊಟ್ಟಣಕ್ಕಿಂತ ಎಷ್ಟೋ ಮೇಲು. ಆದರೆ ಕವರಿನಲ್ಲಿ ಹಾಕಿ ಬ್ಯಾಗಿನ ತಳಕ್ಕೆ ತುರುಕಿದ್ದೆ. ಕಲ್ಲು ದಾರಿ. ಆ ಟ್ರೇಲಿನಲ್ಲಿ ನಾಲ್ಕು ಮೈಲಿ ಏರಿ ಸನ್‌ಫಿಶ್ ಪಾಂಡ್ ಅನ್ನೋ ಕೆರೆ ಮುಟ್ಟುವ ಹೊತ್ತಿಗೆ ರೊಟ್ಟಿ ರವೆಯಾಗಿತ್ತು. ಚಟ್ನಿಪುಡಿ ಡಬ್ಬಿಯ ಮುಚ್ಚಳ ಬಿಚ್ಚಿ ಸ್ಲೀಪಿಂಗ್ ಬ್ಯಾಗಿಗೆಲ್ಲ ಬೆಳ್ಳುಳ್ಳಿ ವಾಸನೆ. ಕರಡಿ ಓಡಾಡುವ ಜಾಗದಲ್ಲಿ! ಅಲ್ಲಿ ಊಟ ಮಾತ್ರವಲ್ಲ, ಟೂತ್‌ಪೇಸ್ಟ್ ಕೂಡ ಡೇರೆಯೊಳಗೆ ಇಡುವಂತಿಲ್ಲ. ವಾಸನೆ ಬರುವುದೆಲ್ಲ ಕಬ್ಬಿಣದ ಪೆಟ್ಟಿಗೆಗೋ ಗಟ್ಟಿ ಡಬ್ಬಿಗೋ ಹೋಗಬೇಕು. ಪಾಪ, ರಾತ್ರಿ ಆ ಸ್ಲೀಪಿಂಗ್ ಬ್ಯಾಗ್ ಒಯ್ದು ಕೊಡವಿ, ಒರೆಸಿ, ಮಲಗುವಷ್ಟರಲ್ಲಿ ಹನ್ನೊಂದು ಗಂಟೆಯಂತೆ.

ನವೆಂಬರ್‌ನಲ್ಲಿ ನಾನು ಕಟ್ಟಲಿಲ್ಲ. ಅವನೇ ಕಟ್ಟಿದ. ಅಡುಗೆ ಪಾತ್ರೆಯೊಳಗೆ ರೊಟ್ಟಿ ಇಟ್ಟ, ಪಾತ್ರೆ ಹೇಗೂ ಖಾಲಿಯೇ ಹೋಗೋದಲ್ವಾ. ರೊಟ್ಟಿ ಅಗಲ ಹೆಚ್ಚಾಗಿದ್ದವು, ಅರ್ಧ ಮುರಿದೇ ಇಟ್ಟ. ಚಟ್ನಿಪುಡಿಗೆ ತಿರುಪಿನ ಮುಚ್ಚಳದ ಡಬ್ಬಿ. ಒಂದು ಹುಡುಗ ಪೀನಟ್ ಬಟರ್ ಹಚ್ಚಿಕೊಂಡು ಎರಡು ತಿಂದನಂತೆ. ಶೇಂಗಾಕ್ಕೆ ಶೇಂಗಾ, ಏನು ತಪ್ಪು.

ಚಳಿಯದ್ದೂ ಇದೇ ಕಥೆ, ಅಲ್ಲೂ ತಪ್ಪು ನಮ್ಮದೇ. ಗಂಗಾವತಿಯಲ್ಲಿ ಹುಟ್ಟಿದವಳಿಗೆ ಚಳಿ ಅಂದರೆ ಸಂಕ್ರಾಂತಿ ಮುಂಜಾನೆ ಒಂದು ಶಾಲು. "30 ಡಿಗ್ರಿ" ಅಂತ ಬರೆದಿದ್ದ ಸ್ಲೀಪಿಂಗ್ ಬ್ಯಾಗ್ ತಂದೆವು, ರಾತ್ರಿ 30 ಡಿಗ್ರಿ ಫ್ಯಾರನ್‌ಹೀಟ್ (ನೀರು ಹೆಪ್ಪುಗಟ್ಟುವಷ್ಟು ಚಳಿ) ಅಂತ ಹವಾಮಾನ ನೋಡಿ ಕಳಿಸಿದೆವು. ಆ ಅಂಕಿ ಎಷ್ಟೋ ಸಲ ಹೇಗೋ ರಾತ್ರಿ ಕಳೆಯಬಹುದಾದ ಮಿತಿ, ಹಾಯಾಗಿ ನಿದ್ದೆ ಬರುವ ಮಟ್ಟವಲ್ಲ. ಹತ್ತು ಡಿಗ್ರಿಯಾದರೂ ಅಂತರ ಇಟ್ಟುಕೊಳ್ಳಿ. ಇನ್ನೊಂದು, ಮಲಗಿದಾಗ ಮೈ ಅಡಿಗೆ ಸಿಗುವ ಕಡೆ ಬ್ಯಾಗಿನೊಳಗೆ ತುಂಬಿದ ಹತ್ತಿಯಂಥದ್ದೆಲ್ಲ ಒತ್ತಿ ಚಪ್ಪಟೆಯಾಗುತ್ತದೆ, ನೆಲದ ಚಳಿ ನೇರ ಬೆನ್ನಿಗೆ ಬರುತ್ತದೆ. ಬೆಚ್ಚಗಿಡೋದು ಕೆಳಗೆ ಹಾಸುವ ಪ್ಯಾಡ್. ಕಾಟನ್ ಬನಿಯನ್, ಜೀನ್ಸ್ ಕಳಿಸಲೇಬೇಡಿ. ಬೆವರೋ ಮಳೆಯೋ, ಒಮ್ಮೆ ನೆನೆದರೆ ಆರೋದಿಲ್ಲ. ನಮ್ಮೂರಲ್ಲಿ ಕಾಟನ್ನೇ ಹಾಕು ಅಂತ ಬೆಳೆಸಿದ್ದಾರೆ, ಅದನ್ನು ಮರೆಯೋಕೆ ನನಗೇ ಒಂದು ವರ್ಷ ಬೇಕಾಯಿತು. ಎಲ್ಲ ಹೊಸದು ಕೊಳ್ಳಬೇಡಿ, ಟ್ರೂಪಿನಲ್ಲೇ ಡೇರೆ ಕೊಡುತ್ತಾರೆ, ಬ್ಯಾಗ್ ಯಾರದ್ದಾದರೂ ಹಳೆಯದು ಸಿಗುತ್ತದೆ.

ಈಗ ಭಯದ ಮಾತು. ಕರಡಿಯದ್ದಲ್ಲ, ಮನುಷ್ಯರದ್ದು. ನಮ್ಮ ಗುಂಪಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಈ ಟ್ರೂಪ್‌ಗಳ ಮೇಲಿನ ಸಂಸ್ಥೆ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಿಂದಿನ ದಶಕಗಳಲ್ಲಿ ಮಕ್ಕಳಾಗಿದ್ದಾಗ ಲೈಂಗಿಕ ದೌರ್ಜನ್ಯ ಅನುಭವಿಸಿದೆವು ಅಂತ 80,000ಕ್ಕೂ ಹೆಚ್ಚು ಜನ ಮುಂದೆ ಬಂದರು. ಸುಮಾರು 246 ಕೋಟಿ ಡಾಲರ್ ಪರಿಹಾರದ ಒಪ್ಪಂದವಾಯಿತು. 2025ರ ಫೆಬ್ರವರಿಯಿಂದ ಸಂಸ್ಥೆಯ ಹೆಸರು ಸ್ಕೌಟಿಂಗ್ ಅಮೆರಿಕ. ಹೆಸರು ಬದಲಾದ್ದಕ್ಕೆ ನಾನು ಕಳಿಸಲಿಲ್ಲ, ನಿಯಮಗಳನ್ನು ಓದಿ ಕಳಿಸಿದೆ. 21 ದಾಟಿದ, ನೋಂದಾಯಿಸಿದ ಇಬ್ಬರು ದೊಡ್ಡವರಾದರೂ ಇರಲೇಬೇಕು. ಒಬ್ಬ ದೊಡ್ಡವರು, ಒಂದು ಮಗು, ಇಬ್ಬರೇ ಮರೆಯಲ್ಲಿ ಇರುವಂತಿಲ್ಲ. ದೊಡ್ಡವರ ಡೇರೆ ಬೇರೆ, ಮಕ್ಕಳದ್ದು ಬೇರೆ. ಒಂದೇ ಡೇರೆಯ ಮಕ್ಕಳ ನಡುವೆ ಎರಡು ವರ್ಷಕ್ಕಿಂತ ಜಾಸ್ತಿ ಅಂತರ ಇರಬಾರದು. ರಾತ್ರಿ ಉಳಿಯುವ ಪ್ರತಿಯೊಬ್ಬ ದೊಡ್ಡವರೂ ನೋಂದಾಯಿಸಿ, ಮಕ್ಕಳ ರಕ್ಷಣೆಯ ತರಬೇತಿ ಮುಗಿಸಿರಬೇಕು. ನಿಯಮ ಕಾಗದದ ಮೇಲೆ ಎಲ್ಲರಿಗೂ ಚೆಂದ. ಅದಕ್ಕೇ ನಮ್ಮ ಯಜಮಾನರು ತಾವೇ ನೋಂದಾಯಿಸಿಕೊಂಡರು, ಎರಡು ತಿಂಗಳಿಗೊಮ್ಮೆ ಹೋಗುತ್ತಾರೆ. ಸೇರಿಸುವ ಮುಂಚೆ ಟ್ರೂಪ್‌ಗೆ ಹೋಗಿ ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಬೇರೆ ಟ್ರೂಪ್ ನೋಡಿ. ಹೆಣ್ಣುಮಕ್ಕಳ ಬಗ್ಗೆ ಕೇಳಿದ್ದವರಿಗೆ: 2019ರಿಂದ ಅವರಿಗೂ ಪ್ರವೇಶ ಇದೆ.

ಕಾಲೇಜಿನ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಎಲ್ಲರೂ ಹೇಳೋದು ಈಗಲ್ ಬಗ್ಗೆ, ಸ್ಕೌಟ್ಸ್‌ನ ಎಲ್ಲಕ್ಕಿಂತ ಮೇಲಿನ ದರ್ಜೆ ಅದು. ಈಗಲ್ ಆಗಬೇಕಾದರೆ 18 ತುಂಬುವ ಮೊದಲು 21 ಬ್ಯಾಡ್ಜ್, ಮೇಲೆ ಊರಿಗೆ ಉಪಯೋಗವಾಗುವ ಒಂದು ದೊಡ್ಡ ಕೆಲಸ. ಅಪ್ಪ ಅಮ್ಮನೇ ಪಟ್ಟಿ ಹಿಡಿದು ಓಡಿಸುವ ಮನೆಗಳನ್ನು ನೋಡಿದ್ದೇನೆ. ಕ್ಯಾಂಪಿಂಗ್ ಬ್ಯಾಡ್ಜ್‌ಗೆ 20 ರಾತ್ರಿ ಹೊರಗೆ ಮಲಗಬೇಕು, ಅದನ್ನು ಯಾವ ಟ್ಯೂಷನ್‌ನಲ್ಲೂ ಬೇಗ ಮುಗಿಸೋಕಾಗಲ್ಲ. ಅದು ನನಗೆ ಇಷ್ಟ.

ನಷ್ಟವೂ ಇದೆ. ತಿಂಗಳಿಗೊಂದು ಭಾನುವಾರ ಕನ್ನಡ ಕ್ಲಾಸ್ ತಪ್ಪುತ್ತದೆ. ಒಮ್ಮೆ ರಾಜ್ಯೋತ್ಸವದ ನಾಟಕ ತಪ್ಪಿ ಮೇಷ್ಟ್ರು ಬೇಜಾರಾದರು. ಅವರ ಬೇಜಾರು ಸರಿಯೇ. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಇಲ್ಲಿಗೆ ಬಂದ ಮೇಲೆ ಒಂದು ತಮಾಷೆ ನಡೆಯಿತು. ಹುಡುಗ ಬ್ಯಾಗ್ ತಂದಿದ್ದ, ಅಜ್ಜನ ಮುಂದೆ ಎಲ್ಲ ಬಿಚ್ಚಿ ಹರವಿದ. ಒಲೆ, ಫಿಲ್ಟರ್, ಹೆಡ್‌ಲ್ಯಾಂಪ್, ಹಗ್ಗ, ಮಲ ಮುಚ್ಚಲು ಆರೆಂಟು ಇಂಚು ಗುಂಡಿ ತೋಡುವ ಪುಟ್ಟ ಸಲಿಕೆ. ನಮ್ಮಪ್ಪ ಒಂದೊಂದೂ ಎತ್ತಿ ನೋಡಿದರು.

"ಎಷ್ಟು ರಾತ್ರಿಗೋ ಇದು?"

"ಎರಡು, ಅಜ್ಜ."

"ಎರಡು ರಾತ್ರಿಗೆ ಇಷ್ಟೆಲ್ಲಾ ಹೊತಗೊಂಡು ಹೊಕ್ಕಾರೇನಲೇ? ನಾ ಶ್ರೀಶೈಲಕ್ಕೆ ಒಂಬತ್ತು ದಿನ ನಡದೀನಿ. ಒಂದು ಕಂಬಳಿ, ಒಂದು ತಂಬಿಗಿ, ಎರಡು ಧೋತರ."

ಯುಗಾದಿ ಹೊತ್ತಿಗೆ ಈ ಕಡೆಯಿಂದ ಜನ ಮಲ್ಲಯ್ಯನ ಕಂಬಿ (ಕಾವಡಿ) ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಆತ್ಮಕೂರು ದಾಟಿದ ಮೇಲೆ ನಲ್ಲಮಲ ಕಾಡು. ಅಪ್ಪ ಮೂರು ಸಲ ಹೋಗಿದ್ದಾರೆ, ಅದರಲ್ಲಿ ಒಂದು ಸಲ ಬರಿಗಾಲಲ್ಲಿ. ನನಗೆ ಇದು ಗೊತ್ತಿತ್ತು. ಆದರೆ ಗೈಡ್ಸ್ ಯೂನಿಫಾರ್ಮ್ ಹಾಕಿ ಸ್ಕಾರ್ಫ್ ಕಟ್ಟಿ ಆಗಸ್ಟ್ 15ಕ್ಕೆ ಪರೇಡ್ ಮಾಡುತ್ತಿದ್ದ ನಾನು ಒಂದು ರಾತ್ರಿಯೂ ಹೊರಗೆ ಮಲಗಿರಲಿಲ್ಲ. ನಮ್ಮ ಶಾಲೆಯಲ್ಲಿ ಗಂಟು ಹಾಕೋದು ಕಲಿಸಿದರು, ಆ ಗಂಟಿನಿಂದ ಕಟ್ಟೋಕೆ ಡೇರೆ ಇರಲಿಲ್ಲ. ದಾವಣಗೆರೆ ಹತ್ತಿರದ ಕೊಂಡಜ್ಜಿ ಶಿಬಿರಕ್ಕೆ ಒಂದು ಸಲ ಹೆಸರು ಕರೆದಿದ್ದರು. ಹೆಣ್ಣುಮಗು, ಬೇಡ ಅಂದವರು ಇದೇ ಅಪ್ಪ.

ಮೊಮ್ಮಗನಿಗೆ ಮಾತ್ರ ಹೊಂಡು ಅಂದರು. ಅಣ್ಣನ ಮಕ್ಕಳನ್ನೂ ಕರೆದುಕೊಂಡು ಹಿರೇಬೆಣಕಲ್ ಗುಡ್ಡ ಹತ್ತಿದೆವು. ಇಲ್ಲಿಯವರು ಮೋರ್ಯರ ಗುಡ್ಡ ಅನ್ನುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲು ಚಪ್ಪಡಿಯ ಗೋರಿಗಳು, ಸುಮಾರು 400. ಕೆಲವಕ್ಕೆ ದುಂಡು ಕಿಂಡಿ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ, ಆದರೂ ನಾವು ಹೋದ ದಿನ ನಮ್ಮನ್ನು ಬಿಟ್ಟರೆ ಕುರಿ ಕಾಯುವವರೊಬ್ಬರೇ ಇದ್ದದ್ದು. ಅಲ್ಲೇ ಡೇರೆ ಹಾಕೋಣ ಅಂತ ಇವನ ಹಟ. ಕುರಿಯವರು ಬೇಡ ಅಂದರು. ಈ ಗುಡ್ಡಗಳಲ್ಲಿ ಕರಡಿ ಹಗಲು ಬಂಡೆ ಸಂದಿಯಲ್ಲಿ ಮಲಗಿ, ಸಂಜೆಗೆ ಹೊರಬೀಳುತ್ತವೆ. ಅವುಗಳಿಗಾಗಿಯೇ ನದಿಯಾಚೆ ದರೋಜಿಯಲ್ಲಿ 1994ರಿಂದ ಧಾಮ ಇದೆ. ಅಮೆರಿಕದ ಕಪ್ಪು ಕರಡಿ ಊಟದ ವಾಸನೆಗೆ ಬರುತ್ತದೆ. ಇಲ್ಲಿಯದು ಹಾಗಲ್ಲ, ಎದುರಿಗೆ ಸಿಕ್ಕು ಗಾಬರಿಯಾದರೆ ಮೇಲೆ ಬೀಳುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚಿ ಉಪಯೋಗವಿಲ್ಲ. ಗಟ್ಟಿಯಾಗಿ ಮಾತಾಡುತ್ತಾ, ಗುಂಪಾಗಿ, ಹೊತ್ತು ಮುಳುಗುವ ಮೊದಲು ಇಳಿಯಬೇಕು. ಇಳಿದೆವು. ಅಣ್ಣನ ಮಗ ಎಸೆದ ಚಿಪ್ಸ್ ಪ್ಯಾಕೆಟ್‌ಗಳನ್ನೆಲ್ಲ ಇವನು ಹೆಕ್ಕಿ ಬ್ಯಾಗಿಗೆ ಹಾಕಿಕೊಂಡ. ಆವತ್ತಿಂದ ಇವನ ಹೆಸರು ಮುನ್ಸಿಪಾಲ್ಟಿ. ರಾತ್ರಿ ಮೂವರೂ ಮಾಳಿಗೆ ಮೇಲೆ ಡೇರೆ ಹಾಕಿ ಮಲಗಿದರು. ಅಪ್ಪ ಪಕ್ಕದಲ್ಲೇ ಕಂಬಳಿ ಹಾಸಿದರು, ಡೇರೆಯೊಳಗೆ ಹೋಗಲಿಲ್ಲ. ಮಾರನೇ ದಿನ ಆ ಕಂಬಳಿ ಮೊಮ್ಮಗನಿಗೆ ಕೊಡಲು ಬಂದರು. ಅವನು ಸೂಟ್‌ಕೇಸ್ ತೂಗುವ ಕೊಕ್ಕೆಗೆ ತಗುಲಿಸಿ ನೋಡಿದ. ಡೇರೆಗಿಂತ ಭಾರ. ಬೇಡ ಅನ್ನಲೂ ಆಗದೆ ಅವನು ನನ್ನ ಮುಖ ನೋಡಿದ. ಕಾರಿನಲ್ಲಿ ಹೋಗುವ ಕ್ಯಾಂಪಿಗೆ ಒಯ್ಯುತ್ತಾನಂತೆ.

ಜನವರಿ ಟ್ರಿಪ್ ನಾವು ವಾಪಸ್ ಹೋದ ವಾರವೇ ಇದೆ. ಈಗ ಅಡುಗೆಮನೆಯಲ್ಲಿ ಸದ್ದು ಶುರುವಾಗಿದೆ, ಅವ್ವ ಎದ್ದರು. ಹುಡುಗ ತನ್ನ ಪಾತ್ರೆಯ ಮುಚ್ಚಳ ಕೊಟ್ಟು, ರೊಟ್ಟಿ ಇದಕ್ಕಿಂತ ದೊಡ್ಡದು ಬೇಡ ಅಂದಿದ್ದಾನೆ. ಜೀವಮಾನವಿಡೀ ತಟ್ಟೆಯಗಲ ಬಡಿದ ಕೈ, ಅವ್ವ ಬೈಯುತ್ತಲೇ ಇದ್ದಾರೆ. "ಇವೇನು ರೊಟ್ಟಿಯೋ ಹಪ್ಪಳನೋ?" ನಿನ್ನೆ ನಲವತ್ತು ಆಗಿವೆ. ಅಂಚು ಹೊರಗೆ ಬಂದವನ್ನು ಅವನೇ ಆರಿಸಿ ತೆಗೆದು ಅಜ್ಜನ ತಟ್ಟೆಗೆ ಹಾಕುತ್ತಿದ್ದಾನೆ.