ನೀರಿನ ಹನಿ ಬೆಳಿಗ್ಗೆ 43, ಮಧ್ಯಾಹ್ನ 51. ಯಾಕೆ?

ಥರ್ಡ್ ಸೆಮ್:
ಬಿ.ಫಾರ್ಮ್ ಓದುತ್ತಿದ್ದೇನೆ. ಫಿಸಿಕಲ್ ಫಾರ್ಮಾಸ್ಯೂಟಿಕ್ಸ್ ಲ್ಯಾಬಿನಲ್ಲಿ ಸ್ಟ್ಯಾಲಗ್ಮೋಮೀಟರ್ (ದ್ರವವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ಹಿಡಿದು, ಹನಿ ಎಣಿಸಿ ಸರ್ಫೇಸ್ ಟೆನ್ಷನ್, ಅಂದರೆ ದ್ರವದ ಮೇಲ್ಮೈಯ ಬಿಗಿ, ಅಳೆಯುವ ಪ್ರಾಕ್ಟಿಕಲ್. ಬೆಳಿಗ್ಗೆ ಡಿಸ್ಟಿಲ್ಡ್ ವಾಟರ್‌ಗೆ 43 ಹನಿ ಬಂತು. ಆಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್, ಅಂದರೆ ಸೋಪಿನಂಥ ಎಸ್‌ಎಲ್‌ಎಸ್‌ನ ದ್ರಾವಣಗಳ ಹನಿ ಎಣಿಸಿದೆ. ಕೊಳವೆಯನ್ನು ಮೂರು ಸಲ ತೊಳೆದು ಮತ್ತೆ ನೀರು ಹಾಕಿದರೆ 51! ಇನ್ನೊಮ್ಮೆ 49. ಸಾಲದ್ದಕ್ಕೆ, ಎಸ್‌ಎಲ್‌ಎಸ್ ಶೇ. 0.25 ದಾಟಿದ ಮೇಲೆ ಎಷ್ಟು ಹಾಕಿದರೂ ಹನಿ 80ರ ಆಸುಪಾಸಿನಲ್ಲೇ ನಿಂತಿದೆ. ನಾಳೆ ರೆಕಾರ್ಡ್ ಕೊಡಬೇಕು. ಎಲ್ಲಿ ಎಡವಿದೆ?

ಲ್ಯಾಬ್ ಇನ್‌ಚಾರ್ಜ್:
ಗಾಜು ತೊಳೆದೆ, ಸರಿ. ರಬ್ಬರ್ ಟ್ಯೂಬ್ ತೊಳೆದೆಯಾ? ಎಸ್‌ಎಲ್‌ಎಸ್ ಮೇಲೆ ಎಳೆಯುವಾಗ ನೊರೆ ಟ್ಯೂಬಿಗೆ ಹತ್ತುತ್ತದೆ. ಆಮೇಲೆ ನೀರು ಎಳೆದಾಗ ಅದೇ ಕೆಳಗೆ ಇಳಿದು ಸೇರಿಕೊಳ್ಳುತ್ತದೆ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ, ಹುಡುಗರು ಗಾಜನ್ನು ಉಜ್ಜಿದ್ದೇ ಉಜ್ಜಿದ್ದು, ಟ್ಯೂಬಿನ ಕಡೆ ತಿರುಗಿಯೂ ನೋಡುವುದಿಲ್ಲ.

ಚೂರು ಸೋಪಿದ್ದರೂ ನೀರಿನ ಬಿಗಿ ಸಡಿಲವಾಗುತ್ತದೆ. ಹನಿ ದಪ್ಪ ಆಗುವ ಮೊದಲೇ ಕಳಚಿ ಬೀಳುತ್ತದೆ. ಹನಿ ಸಣ್ಣದಾದರೆ ಲೆಕ್ಕ ಜಾಸ್ತಿ, ಅಲ್ವಾ? ನೀರಿನ ಟೆನ್ಷನ್ ಸೆಂ.ಮೀ.ಗೆ 72 ಡೈನ್ ಅಂತ ಹಿಡಿದು, ಅದನ್ನು ನೀರಿನ ಹನಿ ಲೆಕ್ಕದಿಂದ ಗುಣಿಸಿ ಎಸ್‌ಎಲ್‌ಎಸ್‌ನ ಹನಿ ಲೆಕ್ಕದಿಂದ ಭಾಗಿಸು. 43 ಇಟ್ಟರೆ 72×43÷80, ಅಂದರೆ 38.7. 51 ಇಟ್ಟರೆ 45.9. ನೀರಲ್ಲಿ ಆದ ತಪ್ಪಿಗೆ ಎಸ್‌ಎಲ್‌ಎಸ್‌ನ ಉತ್ತರ ಏಳು ಡೈನ್ ಕೆಡುತ್ತದೆ.

ಮೊದಲು ನೀರು, ಆಮೇಲೆ ತೆಳು ದ್ರಾವಣದಿಂದ ಗಟ್ಟಿಯ ಕಡೆಗೆ ಹೋಗು. ತುದಿಗೆ ಬೆರಳು ತಾಗಿಸಬೇಡ, ಕೈಯ ಜಿಡ್ಡು ಸಾಕು ಕೆಡಿಸಲು. ಫ್ಯಾನ್ ಆರಿಸು. ನಿಮಿಷಕ್ಕೆ 15-20 ಹನಿಗಿಂತ ಬೇಗ ಬಿಡಬೇಡ. ಎಸ್‌ಎಲ್‌ಎಸ್‌ಗೆ ಹೊಸ ಹನಿಯ ಮೇಲ್ಮೈಗೆ ಬರಲು ಸ್ವಲ್ಪ ಹೊತ್ತು ಬೇಕು. ಸೆಟ್ರಿಮೈಡ್ ಅನ್ನುವ ಇನ್ನೊಂದು ಸೋಪಿನಂಥ ವಸ್ತು ಕೊಟ್ಟಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಅದರದ್ದು ಪ್ಲಸ್ ಚಾರ್ಜ್, ಗಾಜಿನದ್ದು ಮೈನಸ್. ಹಿಡಿದರೆ ಬಿಡುವುದಿಲ್ಲ.

ಕ್ಯೂಸಿ (ಕ್ವಾಲಿಟಿ ಕಂಟ್ರೋಲ್) ಅಕ್ಕ:
80ರಲ್ಲಿ ನಿಂತಿದ್ದು ತಪ್ಪಲ್ಲ ತಮ್ಮಾ, ಅದೇ ಸಿಎಂಸಿ, ಅಂದರೆ ಮಿಸೆಲ್ ಎಂಬ ಗುಂಪು ಕಟ್ಟಲು ಶುರುವಾಗುವ ಸಾಂದ್ರತೆ! ಎಸ್‌ಎಲ್‌ಎಸ್‌ಗೆ ಲೀಟರಿಗೆ ಸುಮಾರು 8 ಮಿಲಿಮೋಲ್, ಅಂದರೆ ಶೇ. 0.23. ಅಷ್ಟೊತ್ತಿಗೆ ಮೇಲ್ಮೈ ಹೌಸ್‌ಫುಲ್. ಆಮೇಲೆ ಬಂದ ಎಸ್‌ಎಲ್‌ಎಸ್ ಅಣುಗಳು ನೀರೊಳಗೇ, ನೀರಿಗೆ ಸೇರದ ಬಾಲ ಒಳಗೆ, ನೀರಿಗೆ ಒಗ್ಗುವ ತಲೆ ಹೊರಗೆ ಮಾಡಿ ಗುಂಪು ಕಟ್ಟುತ್ತವೆ. ಅದೇ ಮಿಸೆಲ್. ನೀರಲ್ಲಿ ಕರಗದ ಔಷಧಿ ಆ ಗುಂಪಿನ ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಮಾತ್ರೆ ಎಷ್ಟು ಬೇಗ ಕರಗುತ್ತದೆ ಅಂತ ನೋಡುವ ಡಿಸಲ್ಯೂಷನ್ ಟೆಸ್ಟಿಗೆ ಎಸ್‌ಎಲ್‌ಎಸ್ ಹಾಕುವುದು ಅದಕ್ಕೇ.

ನನ್ನದೂ ಒಂದು ಕಥೆ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅದೇ ಟೆಸ್ಟಿನ ಪೊಟ್ಯಾಸಿಯಂ ಫಾಸ್ಫೇಟ್ ಬಫರ್‌ಗೆ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಎಸ್‌ಎಲ್‌ಎಸ್ ಸುರಿದೆ. ಹಾಲು ಒಡೆದ ಹಾಗೆ ಬಿಳಿ ಗಸಿ. ಆರು ಬೌಲ್, ಒಂದೊಂದಕ್ಕೆ 900 ಮಿಲಿ, ಅಷ್ಟೂ ಸಿಂಕಿಗೆ ಹೋಯಿತು. ಪೊಟ್ಯಾಸಿಯಂ ಸಿಕ್ಕರೆ ಎಸ್‌ಎಲ್‌ಎಸ್ ಕೆಳಗೆ ಕೂರುತ್ತದೆ, ಸೋಡಿಯಂ ಫಾಸ್ಫೇಟ್ ತೆಗೆದುಕೊಳ್ಳಬೇಕಿತ್ತು.

ಅಂದ ಹಾಗೆ, ಸಪಾಟಾಗುವ ಸ್ವಲ್ಪ ಮುಂಚೆ ನಿನ್ನ ಟೆನ್ಷನ್ ಗ್ರಾಫ್ ಒಂದು ಚಿಕ್ಕ ಗುಂಡಿಗೆ ಇಳಿದು ಏಳುತ್ತದಾ? ಹಾಗಿದ್ದರೆ ಪುಡಿಯಲ್ಲಿ ಡೋಡೆಕನಾಲ್ (ಎಸ್‌ಎಲ್‌ಎಸ್ ಒಡೆದಾಗ ಬರುವ ಆಲ್ಕೊಹಾಲ್) ಬೆರಕೆ ಇದೆ. ಹಳೇ ಬಾಟಲಿಯ ಲಕ್ಷಣ.

ಥರ್ಡ್ ಸೆಮ್:
ಸರ್, ಟ್ಯೂಬ್ ಹಿಂಡಿದರೆ ನೊರೆ ಬಂತು! ಹೊಸ ಟ್ಯೂಬ್ ಹಾಕಿದೆ: 43, 44, 43. ಅಕ್ಕಾ, ಗುಂಡಿ ಇದೆ. ಶೇ. 0.2ರಲ್ಲಿ 84 ಹನಿ ಬಂದಿತ್ತು. ಎಣಿಸಿದ್ದೇ ತಪ್ಪು ಅಂದುಕೊಂಡು ರಬ್ಬರ್ ಹಾಕಿ ಅಳಿಸಿಬಿಟ್ಟಿದ್ದೆ.